ಕ್ಯಾಲ್ಸಿಯಂ ಜಾಸ್ತಿ, ಪಿಟಿಎಚ್ ‘ನಾರ್ಮಲ್’. ಮೂವರು ಡಾಕ್ಟರು ಮೂರು ಮಾತು ಹೇಳುತ್ತಿದ್ದಾರೆ, ಯಾರನ್ನು ನಂಬಲಿ?

ಸಂಜೆಗಾಳಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನಗೆ 46 ವರ್ಷ. ನಾಲ್ಕು ವರ್ಷದಲ್ಲಿ ಎರಡು ಸಲ ಕಿಡ್ನಿಯಲ್ಲಿ ಕಲ್ಲು ಆಗಿದೆ. ಎರಡು ವರ್ಷದಿಂದ ಒಂಥರಾ ಸುಸ್ತು. ಎಂಟು ಗಂಟೆ ನಿದ್ದೆ ಮಾಡಿ ಎದ್ದರೂ ಮೈ ಭಾರ. ಮಾತಾಡುತ್ತಾ ಇರುವಾಗಲೇ ಪದ ಮರೆತುಹೋಗುತ್ತದೆ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳಬೇಕು. ಮಲಬದ್ಧತೆ ಬೇರೆ. ಮೊದಲೆಲ್ಲ ಹೀಗಿರಲಿಲ್ಲ.

ರಿಪೋರ್ಟ್‌ಗಳು ಹೀಗಿವೆ. ಕ್ಯಾಲ್ಸಿಯಂ ಮೊದಲನೇ ಸಲ 10.8, ಐದು ತಿಂಗಳ ಮೇಲೆ 10.4, ಆಮೇಲೆ 11.0. ಲ್ಯಾಬ್‌ನ ರೇಂಜ್ 8.5 ರಿಂದ 10.5. ಪಿಟಿಎಚ್ (ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು) ಒಂದು ಸಲ 71, ಇನ್ನೊಂದು ಸಲ 38. ಅದರ ರೇಂಜ್ 15 ರಿಂದ 65. ವಿಟಮಿನ್ ಡಿ 14. ಥೈರಾಯ್ಡ್ ನೋಡುವ ಟಿಎಸ್‌ಎಚ್ ಟೆಸ್ಟ್ ಸರಿ ಇದೆ. ಪ್ಯಾರಾಥೈರಾಯ್ಡ್ ಗಡ್ಡೆ ಹುಡುಕುವ ಸೆಸ್ಟಮಿಬಿ ಸ್ಕ್ಯಾನ್ ಮಾಡಿಸಿದೆ, ಅದರಲ್ಲಿ ಏನೂ ಕಾಣಲಿಲ್ಲ.

ಮೊದಲನೇ ಡಾಕ್ಟರು 38 ನೋಡಿ ‘ಪಿಟಿಎಚ್ ನಾರ್ಮಲ್, ಪ್ಯಾರಾಥೈರಾಯ್ಡ್ ಅಲ್ಲ’ ಅಂದರು. ಎರಡನೆಯವರು ‘ವಿಟಮಿನ್ ಡಿ ಕಡಿಮೆ ಇರುವುದರಿಂದ ಇದೆಲ್ಲ, ತುಂಬಿಸಿದರೆ ಸರಿ ಹೋಗುತ್ತದೆ’ ಅಂದರು. ಮೂರನೆಯವರು ‘ಸ್ಕ್ಯಾನ್ ಕ್ಲೀನ್ ಇದೆ, ಮುಟ್ಟು ನಿಲ್ಲುವ ವಯಸ್ಸು, ಟೆನ್ಷನ್ ಕಡಿಮೆ ಮಾಡಿಕೊಳ್ಳಿ’ ಅಂದರು. ಆವತ್ತು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಇದನ್ನು ದಾಟಿ ಬಂದವರು ಯಾರಾದರೂ ಇದ್ದೀರಾ?

ಹಳೇಪುಟ:
ಟಿಎಸ್‌ಎಚ್ ಸರಿ ಇದೆ ಅಂದಮೇಲೆ ಥೈರಾಯ್ಡ್ ಸರಿ ಇದೆ ಅಂತ ಅಲ್ವಾ? ಮತ್ತೆ ಯಾಕೆ ಚಿಂತೆ?

ಮೂಲೆಮನೆ:
@ಹಳೇಪುಟ, ಹೆಸರಿನಲ್ಲಿ ಮಾತ್ರ ನೆಂಟಸ್ತಿಕೆ. ಪ್ಯಾರಾಥೈರಾಯ್ಡ್ ಬೇರೆ ಗ್ರಂಥಿ. ಥೈರಾಯ್ಡ್‌ನ ಹಿಂದೆ ಅಂಟಿಕೊಂಡಿರುತ್ತದೆ. ಸಾಮಾನ್ಯವಾಗಿ ನಾಲ್ಕು, ಕೆಲವರಿಗೆ ಐದೂ ಇರಬಹುದು. ಒಂದೊಂದು ಅಕ್ಕಿಕಾಳಿನಷ್ಟು. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕು ಅಂತ ನೋಡಿಕೊಳ್ಳುವುದೇ ಅದರ ಕೆಲಸ. ಅದಕ್ಕೆ ಅದು ಬಿಡುವ ಹಾರ್ಮೋನೇ ಪಿಟಿಎಚ್. ಗ್ರಂಥಿ ಗಡ್ಡೆಯಾಗಿ ಪಿಟಿಎಚ್ ಅತಿಯಾಗಿ ಬಿಟ್ಟರೆ ಕ್ಯಾಲ್ಸಿಯಂ ಏರುತ್ತದೆ. ಟಿಎಸ್‌ಎಚ್‌ಗೂ ಅದಕ್ಕೂ ಸಂಬಂಧ ಇಲ್ಲ.

ಹಳೇಪುಟ:
ಓಹ್, ಇಷ್ಟು ವರ್ಷ ಎರಡೂ ಒಂದೇ ಅಂದುಕೊಂಡಿದ್ದೆ. ತಿಳಿಸಿದ್ದಕ್ಕೆ ಥ್ಯಾಂಕ್ಸ್.

ಕೆಂಪುಟ್ಯೂಬ್:
ನಾನು ಲ್ಯಾಬ್ ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ಆದರೆ ಈ ಎರಡು ಟೆಸ್ಟ್ ದಿನಾ ಕೈಯಲ್ಲಿ ಹಾದು ಹೋಗುತ್ತವೆ. ಮೇಡಂ, ಮೊದಲು ನಾಲ್ಕು ಪ್ರಶ್ನೆ.

ಪಿಟಿಎಚ್ 71 ಬಂದ ದಿನ ಕ್ಯಾಲ್ಸಿಯಂ ಎಷ್ಟಿತ್ತು? ಎರಡೂ ಒಂದೇ ಸಲ ತೆಗೆದ ರಕ್ತವಾ? 10.4 ಬಂದಾಗ ಅಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ಎಷ್ಟಿತ್ತು? ಕೂದಲಿಗೆ ಅಂತ ಬಯೋಟಿನ್ ಮಾತ್ರೆ ಏನಾದರೂ ತಗೊಳ್ತೀರಾ?

ಯಾಕೆ ಕೇಳುತ್ತೇನೆ ಅಂದರೆ, ಪಿಟಿಎಚ್ ಒಂದನ್ನೇ ಇಟ್ಟುಕೊಂಡು ನೋಡಿದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಅದು ನಿಮಿಷ ನಿಮಿಷಕ್ಕೂ ಬದಲಾಗುವ ಹಾರ್ಮೋನು. ಆ ಕ್ಷಣದಲ್ಲಿ ಕ್ಯಾಲ್ಸಿಯಂ ಎಷ್ಟಿತ್ತು ಅಂತ ಗೊತ್ತಿದ್ದರೆ ಮಾತ್ರ ಅದಕ್ಕೆ ಅರ್ಥ. ಕ್ಯಾಲ್ಸಿಯಂ ಏರಿದರೆ ಸರಿ ಇರುವ ಗ್ರಂಥಿ ಪಿಟಿಎಚ್ ಅನ್ನು ತಳಕ್ಕೆ ಇಳಿಸಬೇಕು. 11.0 ಕ್ಯಾಲ್ಸಿಯಂ ಇದ್ದಾಗ ಪಿಟಿಎಚ್ 38 ಇದ್ದರೆ ಅದು ‘ನಾರ್ಮಲ್’ ಅಲ್ಲ. ತೊಟ್ಟಿ ತುಂಬಿ ಹರಿಯುತ್ತಿದೆ, ನಲ್ಲಿ ಇನ್ನೂ ಅರ್ಧ ತೆರೆದೇ ಇದೆ. ನಲ್ಲಿ ಅರ್ಧ ತಾನೇ ತೆರೆದಿರುವುದು ಅಂತ ಸಮಾಧಾನ ಪಡುವುದಕ್ಕಾಗುತ್ತದಾ? ರಿಪೋರ್ಟ್‌ನಲ್ಲಿ ಕೆಂಪು ಗುರುತು ಇಲ್ಲದಿದ್ದರೆ ಕಣ್ಣು ಮುಂದಕ್ಕೆ ಹೋಗಿಬಿಡುತ್ತದೆ. ಎಡವುವುದು ಅಲ್ಲೇ.

ಸಂಜೆಗಾಳಿ:
ಬಯೋಟಿನ್!! ಹೌದು, ಕೂದಲು ಉದುರುತ್ತೆ ಅಂತ ದಿನಾ 10 ಮಿಲಿಗ್ರಾಂ ತಗೋತಿದ್ದೆ. 71 ಬಂದಾಗ ಶುರು ಮಾಡಿರಲಿಲ್ಲ. 38 ಬಂದ ದಿನ ಬೆಳಿಗ್ಗೆಯೂ ನುಂಗಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

71 ಬಂದಿದ್ದು 10.4 ಬಂದ ಒಂದು ವಾರಕ್ಕೆ, ಆವತ್ತು ಕ್ಯಾಲ್ಸಿಯಂ ನೋಡಲೇ ಇಲ್ಲ. 38 ಮತ್ತು 11.0 ಒಂದೇ ದಿನದ್ದು. 10.4 ಬಂದಾಗ ಅಲ್ಬುಮಿನ್ 3.5.

ಕೆಂಪುಟ್ಯೂಬ್:
ಸಂಬಂಧ ಇದೆ ಮೇಡಂ. ಕೆಲವು ಯಂತ್ರಗಳಲ್ಲಿ ಪಿಟಿಎಚ್ ಅಳೆಯುವ ವಿಧಾನವೇ ಬಯೋಟಿನ್ ಮೇಲೆ ನಿಂತಿದೆ. ರಕ್ತದಲ್ಲಿ ಬಯೋಟಿನ್ ಜಾಸ್ತಿ ಇದ್ದರೆ ಆ ಯಂತ್ರ ಪಿಟಿಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಇಂಥ ಎಡವಟ್ಟುಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಕೆ ಕೊಟ್ಟಿದೆ. ಎಲ್ಲ ಯಂತ್ರದಲ್ಲೂ ಹೀಗೆ ಅಲ್ಲ. ನಿಮ್ಮ ಲ್ಯಾಬ್‌ನಲ್ಲಿ ಯಾವುದಿದೆ ಅಂತ ಕೇಳಿ. ಕನಿಷ್ಠ ಮೂರು ದಿನ ಮಾತ್ರೆ ಬಿಟ್ಟು ಮತ್ತೆ ಕೊಡಿ.

ಇನ್ನು ಅಲ್ಬುಮಿನ್. ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಅರ್ಧ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಪ್ರೋಟೀನ್ ಕಡಿಮೆ ಇದ್ದರೆ ಒಟ್ಟು ಕ್ಯಾಲ್ಸಿಯಂ ಸುಮ್ನೆ ಕಡಿಮೆ ಕಾಣುತ್ತದೆ. ರೂಢಿಯ ಲೆಕ್ಕ ಹೀಗೆ: 4 ರಿಂದ ನಿಮ್ಮ ಅಲ್ಬುಮಿನ್ ಕಳೆಯಿರಿ, 0.8 ರಿಂದ ಗುಣಿಸಿ, ಕ್ಯಾಲ್ಸಿಯಂಗೆ ಕೂಡಿ. ನಿಮ್ಮದು 0.5 ಗುಣಿಸು 0.8 ಅಂದರೆ 0.4. 10.4 ಕ್ಕೆ ಕೂಡಿದರೆ 10.8. ನಿಮ್ಮ ‘ನಾರ್ಮಲ್’ ಬಂದ ಸಲವೂ ನಾರ್ಮಲ್ ಇರಲಿಲ್ಲ ಅಂತಾಯಿತು.

ಮೂಲೆಮನೆ:
ಆ ಲೆಕ್ಕ ಅಂದಾಜು ಮಾತ್ರ ಅಲ್ವಾ? ಅಯೋನೈಸ್ಡ್ ಕ್ಯಾಲ್ಸಿಯಂ, ಅಂದರೆ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಭಾಗದ ಟೆಸ್ಟ್, ಮಾಡಿಸಿದರೆ ನೇರವಾಗಿ ಗೊತ್ತಾಗುತ್ತದೆ.

ಕೆಂಪುಟ್ಯೂಬ್:
ಖಂಡಿತ. ಆದರೆ ಅದಕ್ಕೆ ಮಡಿ ಜಾಸ್ತಿ. ಮಾದರಿಗೆ ಗಾಳಿ ತಾಗಬಾರದು, ಬೇಗ ಯಂತ್ರಕ್ಕೆ ಹೋಗಬೇಕು. ದೂರದ ಲ್ಯಾಬ್‌ಗೆ ಕಳಿಸುವ ಕಡೆ ಕೊಟ್ಟರೆ ಅಂಕಿಯನ್ನು ನಂಬುವುದು ಕಷ್ಟ. ಇನ್ನೊಂದು ವಿಷಯ: ತೋಳಿಗೆ ರಬ್ಬರ್ ಪಟ್ಟಿ ಬಿಗಿದು ತುಂಬ ಹೊತ್ತು ಬಿಟ್ಟರೆ ಒಟ್ಟು ಕ್ಯಾಲ್ಸಿಯಂ ಸ್ವಲ್ಪ ಏರಿ ಬರುತ್ತದೆ. ಮುಷ್ಟಿ ಬಿಗಿದು ಬಿಗಿದು ಬಿಡುವುದೂ ಬೇಡ. ನರ ಸಿಕ್ಕ ಕೂಡಲೇ ಪಟ್ಟಿ ಸಡಿಲ ಮಾಡಿ ಅಂತ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನೇರಮಾತು:
ನಾನು ಸ್ವಲ್ಪ ಕಹಿ ಮಾತು ಹೇಳುತ್ತೇನೆ, ಕ್ಷಮಿಸಿ. ಮೂವರು ಓದಿದ ಡಾಕ್ಟರು ಅಲ್ಲ ಅಂದಿದ್ದಾರೆ. ಇಲ್ಲಿ ಕೂತು ಕೂಡಿಸಿ ಗುಣಿಸಿ ನಾವು ಕಾಯಿಲೆ ಹೌದು ಅಂತ ತೀರ್ಮಾನ ಮಾಡುವುದು ಸರಿಯಾ? ಸುಸ್ತು, ಮರೆವು, ನಿದ್ದೆ ಕಡಿಮೆ ಇದೆಲ್ಲ ನೂರು ಕಾರಣಕ್ಕೆ ಬರುತ್ತದೆ. ನಮ್ಮ ಬಂಧುವೊಬ್ಬರು ಹೀಗೇ ಓದಿ ಓದಿ ಇಲ್ಲದ ರೋಗಕ್ಕೆಲ್ಲ ಟೆಸ್ಟ್ ಮಾಡಿಸಿ ನೊಂದುಹೋದರು. ಆ ಭಯಕ್ಕೆ ಹೇಳುತ್ತಿದ್ದೇನೆ.

ಸಂಜೆಗಾಳಿ:
ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ಕಲ್ಲು ನನ್ನ ಕಲ್ಪನೆ ಅಲ್ಲ ಸರ್. ಎರಡನೇ ಸಲ ಬಂದಾಗ ರಾತ್ರಿ ಎರಡು ಗಂಟೆಯಿಂದ ನೆಲದ ಮೇಲೆ ಹೊರಳಾಡಿದ್ದೇನೆ. ಮೂವರೂ ‘ಇಲ್ಲ’ ಅಂದಿದ್ದು ನಿಜ, ಆದರೆ ಮೂವರೂ ಬೇರೆ ಬೇರೆ ಕಾರಣ ಕೊಟ್ಟರು. ಮೂರು ರಿಪೋರ್ಟ್ ಒಟ್ಟಿಗೆ ಇಟ್ಟು ಯಾರೂ ನೋಡಲಿಲ್ಲ. ನನಗೆ ನೋವಾಗಿದ್ದು ಅದಕ್ಕೆ.

ಕಲ್ಲುಹಾದಿ:
ಅಕ್ಕಾ, ನಿಮ್ಮ ಪೋಸ್ಟ್ ಓದಿ ನನ್ನ ಕಥೆಯೇ ಓದಿದ ಹಾಗಾಯಿತು. ನನಗೆ ಆಪರೇಷನ್ ಆಗಿ ಮೂರು ವರ್ಷ ಆಯಿತು. ಗೊತ್ತಾಗುವುದಕ್ಕೆ ಆರು ವರ್ಷ ಹಿಡಿಯಿತು.

ಕಲ್ಲು ಬಂದಾಗ ಯೂರಾಲಜಿ, ಮೂಳೆ ನೋವಿಗೆ ಆರ್ಥೋ, ಹೊಟ್ಟೆ ಉರಿಗೆ ಇನ್ನೊಬ್ಬರು, ಮನಸ್ಸು ಕುಗ್ಗಿದ್ದಕ್ಕೆ ಮತ್ತೊಬ್ಬರು. ಎಲ್ಲರೂ ಅವರವರ ಭಾಗವನ್ನು ಚೆನ್ನಾಗಿಯೇ ನೋಡಿದರು. ಕಲ್ಲು, ಮೂಳೆ, ಹೊಟ್ಟೆ, ಮನಸ್ಸು ನಾಲ್ಕಕ್ಕೂ ಒಂದೇ ಬೇರು ಇರಬಹುದು ಅಂತ ಹೊಳೆದಿದ್ದು ಐದನೆಯವರಿಗೆ. ಅವರು ಹಳೇ ಫೈಲ್ ಕೇಳಿದರು. ಆರು ವರ್ಷದಲ್ಲಿ ಕ್ಯಾಲ್ಸಿಯಂ ಒಂಬತ್ತು ಸಲ ಆಗಿತ್ತು. ಏಳು ಸಲ 10.6 ರಿಂದ 11.2 ರ ಒಳಗೆ. ಒಂದೊಂದೇ ನೋಡಿದರೆ ‘ಸ್ವಲ್ಪ ಜಾಸ್ತಿ, ಪರವಾಗಿಲ್ಲ’. ಸಾಲಾಗಿ ನೋಡಿದರೆ ಎದೆ ಧಸಕ್ ಅನ್ನುತ್ತದೆ.

ಸ್ಕ್ಯಾನ್ ವಿಷಯ ಹೇಳಲೇಬೇಕು. ನನ್ನ ಸೆಸ್ಟಮಿಬಿಯೂ ಖಾಲಿ ಬಂದಿತ್ತು, ಅಲ್ಟ್ರಾಸೌಂಡೂ ಖಾಲಿ. ಸರ್ಜನ್ ಒಂದೇ ಮಾತು ಹೇಳಿದರು: ಕಾಯಿಲೆ ಇದೆಯಾ ಇಲ್ಲವಾ ಅಂತ ಹೇಳುವುದು ರಕ್ತ. ಎಲ್ಲಿ ಕೈ ಹಾಕಬೇಕು ಅಂತ ಹೇಳುವುದು ಸ್ಕ್ಯಾನ್. ಸ್ಕ್ಯಾನ್ ಖಾಲಿ ಅಂತ ಕಾಯಿಲೆ ಇಲ್ಲ ಅನ್ನುವ ಹಾಗಿಲ್ಲ. ಸಣ್ಣ ಗಡ್ಡೆ, ಒಂದಕ್ಕಿಂತ ಹೆಚ್ಚು ಗ್ರಂಥಿ ಊದಿರುವುದು, ಇವೆಲ್ಲ ತಪ್ಪಿಹೋಗುತ್ತವೆ. ನನಗೆ ಎರಡು ಗ್ರಂಥಿ ಕೆಟ್ಟಿದ್ದವು. ನೂರಕ್ಕೆ ಎಂಬತ್ತರಷ್ಟು ಜನರಿಗೆ ಒಂದೇ ಇರುತ್ತದಂತೆ.

ನೇರಮಾತು:
ಸ್ಕ್ಯಾನ್ ಬಗ್ಗೆ ಇದು ಗೊತ್ತಿರಲಿಲ್ಲ. ಒಪ್ಪಿಕೊಳ್ಳುತ್ತೇನೆ. ಆದರೂ ವಿಟಮಿನ್ ಡಿ 14 ಇದೆಯಲ್ಲ, ಅದರಿಂದ ಪಿಟಿಎಚ್ ಏರುತ್ತದೆ ಅಂತ ಎಲ್ಲ ಕಡೆ ಬರೆದಿದ್ದಾರೆ. ಎರಡನೇ ಡಾಕ್ಟರ್ ಹೇಳಿದ್ದರಲ್ಲಿ ತಪ್ಪೇನು?

ಮೂಲೆಮನೆ:
ಅರ್ಧ ಸರಿ, ಅರ್ಧ ತಪ್ಪು. ಡಿ ಕಡಿಮೆ ಆದರೆ ಪಿಟಿಎಚ್ ಏರುತ್ತದೆ, ನಿಜ. ಆದರೆ ಆಗ ಕ್ಯಾಲ್ಸಿಯಂ ಕೆಳಗಿರುತ್ತದೆ ಅಥವಾ ರೇಂಜ್ ಒಳಗೆ ಇರುತ್ತದೆ. ಡಿ ಕೊರತೆ ಯಾವತ್ತೂ ಕ್ಯಾಲ್ಸಿಯಂ ಅನ್ನು 11 ಕ್ಕೆ ಏರಿಸುವುದಿಲ್ಲ. ಇವರಿಗೆ ಇರುವುದು ಕ್ಯಾಲ್ಸಿಯಂ ಜಾಸ್ತಿ, ಅದಕ್ಕೆ ಡಿ ಉತ್ತರ ಅಲ್ಲ. ಪ್ಯಾರಾಥೈರಾಯ್ಡ್ ಕಾಯಿಲೆಯಲ್ಲಿ ಡಿ ಕಡಿಮೆ ಇರುವುದು ತುಂಬ ಸಾಮಾನ್ಯ. ಪಿಟಿಎಚ್ ಜಾಸ್ತಿ ಇದ್ದಾಗ ಡಿ ಬೇಗ ಬೇಗ ಬೇರೆ ರೂಪಕ್ಕೆ ತಿರುಗಿ ಖರ್ಚಾಗುತ್ತದೆ. ಅದಕ್ಕೇ ಡಿ ಕಡಿಮೆ ಅನ್ನುವುದು ದಾರಿ ತಪ್ಪಿಸುತ್ತದೆ.

ಹಸಿರುಗುಡ್ಡ:
ಹಾಗಾದರೆ ಡಿ ತಗೊಳ್ಳಲೇಬಾರದು! ಕ್ಯಾಲ್ಸಿಯಂ ಇನ್ನೂ ಏರುತ್ತದೆ. ಯಾರೂ ಮುಟ್ಟಬೇಡಿ.

ಮೂಲೆಮನೆ:
@ಹಸಿರುಗುಡ್ಡ, ಹಾಗೆ ಒಂದೇ ಏಟಿಗೆ ಹೇಳಬೇಡಿ. ಕೊರತೆ ಇದ್ದವರಿಗೆ ಸಣ್ಣ ಪ್ರಮಾಣದಲ್ಲಿ, ಕ್ಯಾಲ್ಸಿಯಂ ನೋಡುತ್ತಾ ನೋಡುತ್ತಾ ತುಂಬಿಸಬೇಕು ಅಂತಲೇ ಈಗಿನ ಮಾರ್ಗಸೂಚಿ. ಡಾಕ್ಟರನ್ನು ಕೇಳದೆ ದೊಡ್ಡ ಡೋಸ್ ಇಂಜೆಕ್ಷನ್ ಹಾಕಿಸಿಕೊಳ್ಳುವುದು ಅಪಾಯ. ಅದೇ ಥರ ಊಟದಲ್ಲಿ ಕ್ಯಾಲ್ಸಿಯಂ ಪೂರ್ತಿ ಬಿಡುವುದೂ ತಪ್ಪು. ಒಳಗೆ ಬರುವುದು ನಿಂತರೆ ಪಿಟಿಎಚ್ ಇನ್ನೂ ಜೋರಾಗಿ ಮೂಳೆಯಿಂದ ಕೀಳುತ್ತದೆ. ನೀರು ಚೆನ್ನಾಗಿ ಕುಡಿಯಿರಿ.

ಹಸಿರುಗುಡ್ಡ:
ಸರಿ, ತಿದ್ದಿಕೊಂಡೆ. ನಮ್ಮ ಅಮ್ಮನಿಗೆ ಡಿ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟು ಕ್ಯಾಲ್ಸಿಯಂ 13 ಆಗಿತ್ತು, ಆ ಹೆದರಿಕೆಗೆ ಬರೆದೆ. ಅವರ ಪಿಟಿಎಚ್ ಆಗ 5 ಇತ್ತು.

ಕೆಂಪುಟ್ಯೂಬ್:
ನೋಡಿ, ನಿಮ್ಮ ಅಮ್ಮನ ರಿಪೋರ್ಟ್ ಒಳ್ಳೆಯ ಉದಾಹರಣೆ. ಕ್ಯಾಲ್ಸಿಯಂ 13, ಪಿಟಿಎಚ್ 5. ಗ್ರಂಥಿ ತನ್ನ ಕೆಲಸ ಮಾಡಿದೆ, ಬಾಯಿ ಮುಚ್ಚಿಕೊಂಡಿದೆ. ಅಂದರೆ ಕಾರಣ ಬೇರೆ ಕಡೆ ಇದೆ. ಡಿ ಅತಿಯಾಗಿದ್ದು, ಸಾರ್ಕಾಯ್ಡೋಸಿಸ್ ಅನ್ನುವ ಉರಿಯೂತದ ಕಾಯಿಲೆ, ಕೆಲವು ಕ್ಯಾನ್ಸರ್‌ಗಳಲ್ಲಿ ಹೀಗೆ ಇರುತ್ತದೆ. ಸಂಜೆಗಾಳಿ ಅವರದ್ದು ಹಾಗಿಲ್ಲ.

ಬೆಳದಿಂಗಳು:
ತಡವಾಗಿ ಬರುತ್ತಿದ್ದೇನೆ, ಆದರೆ ಇದನ್ನು ಹೇಳದೆ ಇರಲಾರೆ. ಆಪರೇಷನ್ ಅಂತ ಓಡುವ ಮೊದಲು 24 ಗಂಟೆ ಮೂತ್ರದ ಕ್ಯಾಲ್ಸಿಯಂ ಮಾಡಿಸಿ!

ನನಗೆ ಕ್ಯಾಲ್ಸಿಯಂ 10.8, ಪಿಟಿಎಚ್ 52. ಇಲ್ಲಿ ನೀವೆಲ್ಲ ಹೇಳಿದ ಲೆಕ್ಕದಲ್ಲಿ ನನಗೂ ಪ್ಯಾರಾಥೈರಾಯ್ಡ್ ಗಡ್ಡೆಯೇ. ಆಪರೇಷನ್ ದಿನಾಂಕವೂ ಗೊತ್ತಾಗಿತ್ತು. ಕೊನೇ ಗಳಿಗೆಯಲ್ಲಿ ಇನ್ನೊಬ್ಬ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನು ಡಾಕ್ಟರು) ಮೂತ್ರ ಕೇಳಿದರು. ಇಡೀ ದಿನದ ಮೂತ್ರದಲ್ಲಿ ಕ್ಯಾಲ್ಸಿಯಂ ಬರೀ 70 ಮಿಲಿಗ್ರಾಂ. ನನಗಿರುವುದು ಎಫ್‌ಎಚ್‌ಎಚ್. ವಂಶದಲ್ಲಿ ಬರುವಂಥದ್ದು. ಕ್ಯಾಲ್ಸಿಯಂ ಎಷ್ಟಿದೆ ಅಂತ ಗ್ರಹಿಸುವ ಭಾಗವೇ ಸ್ವಲ್ಪ ಮಂದ. ಅದಕ್ಕೆ ದೇಹ ಮೇಲಿನ ಮಟ್ಟವನ್ನೇ ಸರಿ ಅಂದುಕೊಂಡಿದೆ. ಸಾಮಾನ್ಯವಾಗಿ ಅಪಾಯ ಇಲ್ಲ, ಆಪರೇಷನ್ ಮಾಡಿದರೂ ಸರಿ ಹೋಗುವುದಿಲ್ಲ. ನನ್ನ ಕುತ್ತಿಗೆ ಸುಮ್ನೆ ಕೊಯ್ಯಿಸಿಕೊಳ್ಳುತ್ತಿದ್ದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ನನ್ನ ಮಗನಿಗೂ 10.9 ಇದೆ. ಅವನ ಫೈಲಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ, ಮುಂದೆ ಯಾರೂ ಅವನನ್ನು ಸುಮ್ನೆ ಕೊಯ್ಯಬಾರದು ಅಂತ.

ನೇರಮಾತು:
ನಾನು ಹೇಳುತ್ತಿದ್ದದ್ದು ಇದನ್ನೇ. ಅವಸರ ಬೇಡ ಅಂತ.

ಕಲ್ಲುಹಾದಿ:
ಅಣ್ಣಾ, ಅವಸರ ಬೇಡ ಅನ್ನುವುದೂ, ಟೆಸ್ಟೇ ಬೇಡ ಅನ್ನುವುದೂ ಒಂದೇ ಅಲ್ಲ. ಬೆಳದಿಂಗಳು ಅವರನ್ನು ಕಾಪಾಡಿದ್ದು ಇನ್ನೊಂದು ಟೆಸ್ಟು.

ನೇರಮಾತು:
ಆ ಮಾತು ಸರಿ.

ಕೆಂಪುಟ್ಯೂಬ್:
ಬೆಳದಿಂಗಳು ಅವರ ಮಾತು ಬಂಗಾರ. ಮೂತ್ರ ಹಿಡಿಯುವ ವಿಧಾನದಲ್ಲಿ ತುಂಬ ಜನ ತಪ್ಪು ಮಾಡುತ್ತಾರೆ. ಬೆಳಿಗ್ಗೆ ಎದ್ದ ತಕ್ಷಣದ ಮೂತ್ರ ಕ್ಯಾನ್‌ಗೆ ಹಾಕಬೇಡಿ, ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಆಮೇಲೆ ಬರುವ ಪ್ರತಿ ಹನಿಯೂ ಕ್ಯಾನ್‌ಗೆ. ಮಾರನೇ ದಿನ ಅದೇ ಸಮಯದ್ದನ್ನು ಹಾಕಿ ಮುಗಿಸಿ. ಒಂದು ಸಲ ಮರೆತರೂ ಸುಳ್ಳು ಹೇಳಬೇಡಿ, ಮತ್ತೆ ಮಾಡಿ. ಕ್ಯಾನ್‌ನಲ್ಲಿ ಆಸಿಡ್ ಹಾಕಿ ಕೊಟ್ಟಿದ್ದರೆ ನೇರವಾಗಿ ಅದರೊಳಗೆ ಹಿಡಿಯಬೇಡಿ, ಬೇರೆ ಪಾತ್ರೆಯಲ್ಲಿ ಹಿಡಿದು ನಿಧಾನಕ್ಕೆ ಸುರಿಯಿರಿ. ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ಒಂದು ತ್ಯಾಜ್ಯ) ಕೂಡ ಅದೇ ಮೂತ್ರದಲ್ಲಿ ಅಳೆಯಬೇಕು.

ಬಿಪಿ ಮಾತ್ರೆ ಇದ್ದರೆ ಅದರಲ್ಲಿ ಥೈಯಾಜೈಡ್ ಇದೆಯಾ ನೋಡಿ. ಅದು ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುವುದನ್ನು ತಡೆದು ರಕ್ತದಲ್ಲಿ ಏರಿಸುತ್ತದೆ. ಮಾನಸಿಕ ಕಾಯಿಲೆಗೆ ಲಿಥಿಯಂ ತಗೊಳ್ಳುವವರಲ್ಲೂ ಕ್ಯಾಲ್ಸಿಯಂ, ಪಿಟಿಎಚ್ ಎರಡೂ ಏರಬಹುದು. ನೀವೇ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನು ಕೇಳಿ.

ಸಂಜೆಗಾಳಿ:
ಬಿಪಿ ಇಲ್ಲ, ಬೇರೆ ಮಾತ್ರೆಯೂ ಇಲ್ಲ. ಬಯೋಟಿನ್ ಇವತ್ತಿನಿಂದ ಬಂದ್. ಬೆಳದಿಂಗಳು ಅಕ್ಕಾ, ಮೂತ್ರ ಕೊಡದೆ ಮುಂದೆ ಹೋಗುವುದಿಲ್ಲ.

ತಿಳಿನೀರು:
ನಾನು ಒಂದು ಕಡೆ ಓದಿದ್ದೆ, 30 ವರ್ಷ ದಾಟಿದ ಯಾರಿಗೇ ಆಗಲಿ ಕ್ಯಾಲ್ಸಿಯಂ 10 ದಾಟಿದರೆ ಗಡ್ಡೆ ಗ್ಯಾರಂಟಿ ಅಂತ. ನನಗೆ 10.1 ಇದೆ. ನಿದ್ದೆ ಬರುತ್ತಿಲ್ಲ.

ಕೆಂಪುಟ್ಯೂಬ್:
ದಯವಿಟ್ಟು ನಿದ್ದೆ ಮಾಡಿ. ಅಂಥ ಗ್ಯಾರಂಟಿ ಇಲ್ಲ. ರೇಂಜ್ ಒಳಗಿನ ಒಂದೇ ಒಂದು 10.1 ಏನೂ ಹೇಳುವುದಿಲ್ಲ. ಕೆಲವು ತಿಂಗಳು ಬಿಟ್ಟು ಅಲ್ಬುಮಿನ್ ಜೊತೆ ಇನ್ನೊಮ್ಮೆ ಮಾಡಿಸಿ.

ದಾಸವಾಳ:
ನನ್ನದು ಉಲ್ಟಾ. ಕ್ಯಾಲ್ಸಿಯಂ 9.1, ಪಿಟಿಎಚ್ 118. ಪ್ಯಾರಾಥೈರಾಯ್ಡ್ ಗಡ್ಡೆ ಅಂತ ಒಂದು ವರ್ಷ ಅಲೆದೆ. ಸ್ಕ್ಯಾನ್ ಮೇಲೆ ಸ್ಕ್ಯಾನ್. ಕೊನೆಗೆ ನೋಡಿದರೆ ಸೀಲಿಯಾಕ್ ಕಾಯಿಲೆ. ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುತ್ತಲೇ ಇರಲಿಲ್ಲ, ಪಾಪ ಆ ಗ್ರಂಥಿ ಒದ್ದಾಡಿ ಒದ್ದಾಡಿ ಪಿಟಿಎಚ್ ಸುರಿಯುತ್ತಿತ್ತು. ಚಿಕಿತ್ಸೆ ಶುರುವಾದ ಮೇಲೆ 54 ಕ್ಕೆ ಇಳಿಯಿತು. ಕ್ಯಾಲ್ಸಿಯಂ ಸರಿ ಇದ್ದು ಪಿಟಿಎಚ್ ಮಾತ್ರ ಜಾಸ್ತಿ ಇರುವವರು ಡಿ, ಕಿಡ್ನಿ, ಕರುಳು ಮೂರನ್ನೂ ಮೊದಲು ನೋಡಿಸಿ.

ಮೂಲೆಮನೆ:
ಇದೂ ಮುಖ್ಯ. ಬೇರೆ ಕಾರಣ ಒಂದೂ ಇಲ್ಲದೆ, ಅಯೋನೈಸ್ಡ್ ಕ್ಯಾಲ್ಸಿಯಂ ಕೂಡ ಸರಿ ಇದ್ದು, ತಿಂಗಳುಗಟ್ಟಲೆ ಪಿಟಿಎಚ್ ಮಾತ್ರ ಜಾಸ್ತಿ ಇದ್ದರೆ ಅದಕ್ಕೂ ಒಂದು ಹೆಸರಿದೆ, ನಾರ್ಮೋಕ್ಯಾಲ್ಸೆಮಿಕ್ ಅಂತ. ಆದರೆ ಅದು ಎಲ್ಲ ಸೋಸಿದ ಮೇಲೆ ಕೊನೆಗೆ ಉಳಿಯುವ ಹೆಸರು.

ಓಲೆಗರಿ:
ವಿಷಯ ಸ್ವಲ್ಪ ಬೇರೆ ಕಡೆ ಎಳೆಯುತ್ತೇನೆ. ಈ ಗ್ರಂಥಿಯ ಇತಿಹಾಸವೇ ‘ಕಣ್ಣಿಗೆ ಬೀಳದೆ ಹೋಗುವುದು’. ದೇಹದ ದೊಡ್ಡ ಅಂಗಗಳಲ್ಲಿ ಎಲ್ಲಕ್ಕಿಂತ ಕೊನೆಗೆ ಸಿಕ್ಕಿದ್ದು. ಮನುಷ್ಯರಲ್ಲಿ ಅದನ್ನು ಗುರುತಿಸಿ 1880ರಲ್ಲಿ ಬರೆದವನು ಸ್ವೀಡನ್‌ನ ಇವಾರ್ ಸ್ಯಾಂಡ್‌ಸ್ಟ್ರಾಮ್. ಆಗ ಇನ್ನೂ ಮೆಡಿಕಲ್ ವಿದ್ಯಾರ್ಥಿ.

ಮೂಲೆಮನೆ:
ಅಕ್ಕಿಕಾಳಿನಷ್ಟು ಇರುವುದು ದೊಡ್ಡ ಅಂಗ ಹೇಗಾಗುತ್ತದೆ ಮಾರಾಯರೇ! ಇನ್ನೊಂದು ತಿದ್ದುಪಡಿ: ಅದಕ್ಕೂ ಮೊದಲೇ ರಿಚರ್ಡ್ ಓವನ್ ನೋಡಿದ್ದರು. ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವನ್ನು ಕೊಯ್ದಾಗ.

ಓಲೆಗರಿ:
‘ಮನುಷ್ಯರಲ್ಲಿ’ ಅಂತ ಬರೆದಿದ್ದೇನೆ, ಮೇಲೆ ನೋಡಿ. 🙂 ‘ದೊಡ್ಡ’ ಅನ್ನುವುದು ನನ್ನ ತಪ್ಪು, ‘ಮುಖ್ಯ’ ಅಂತ ಓದಿಕೊಳ್ಳಿ.

ನನಗೆ ಮರೆಯಲಾಗದ್ದು ವಿಯೆನ್ನಾದ ಕಥೆ. 1920ರ ದಶಕದಲ್ಲಿ ಫೆಲಿಕ್ಸ್ ಮ್ಯಾಂಡ್ಲ್ ಅನ್ನುವ ಸರ್ಜನ್ ಬಳಿ ಒಬ್ಬ ಟ್ರಾಮ್ ಕಂಡಕ್ಟರ್ ಬಂದ. ಮೂಳೆಗಳೆಲ್ಲ ಕರಗಿಹೋಗಿದ್ದವು. ಆಗಿನ ನಂಬಿಕೆ ಪ್ರಕಾರ ಅವನಿಗೆ ಪ್ಯಾರಾಥೈರಾಯ್ಡ್ ಸಾಲದು. ಅದಕ್ಕೆ ಮೊದಲು ಬೇರೆಯವರ ಗ್ರಂಥಿ ತಂದು ಕಸಿ ಮಾಡಿದರು! ಏನೂ ಆಗಲಿಲ್ಲ. ಆಮೇಲೆ 1925ರಲ್ಲಿ ಕುತ್ತಿಗೆ ತೆರೆದು ಗಡ್ಡೆ ತೆಗೆದರು. ನಡೆಯಲಾಗದವನು ಚೇತರಿಸಿಕೊಂಡ. ರೋಗ ಯಾವ ದಿಕ್ಕಿನಲ್ಲಿದೆ ಅಂತ ಒಳ್ಳೆಯ ಡಾಕ್ಟರಿಗೂ ಮೊದಲ ಸಲ ಉಲ್ಟಾ ಕಂಡಿತ್ತು. ಮ್ಯಾಂಡ್ಲ್ ದೊಡ್ಡತನ ಏನಂದರೆ, ಆಗಲಿಲ್ಲ ಅಂದಾಗ ಮತ್ತೆ ಯೋಚಿಸಿದರು.

ಕಲ್ಲುಹಾದಿ:
ಅಮೆರಿಕದ ಹಡಗಿನ ಕ್ಯಾಪ್ಟನ್ ಒಬ್ಬರ ಕಥೆಯೂ ಇದೆ, ಚಾರ್ಲ್ಸ್ ಮಾರ್ಟೆಲ್. ಎತ್ತರದ ಆಳು, ಕುಗ್ಗಿ ಕುಗ್ಗಿ ಗಿಡ್ಡ ಆಗಿಬಿಟ್ಟರು. ಆರು ಆಪರೇಷನ್ ಮಾಡಿದರೂ ಗಡ್ಡೆ ಸಿಗಲಿಲ್ಲ. 1932ರಲ್ಲಿ ಏಳನೇ ಸಲ ಎದೆಯೊಳಗೆ ಸಿಕ್ಕಿತು. ನನ್ನ ಸ್ಕ್ಯಾನ್ ಖಾಲಿ ಬಂದ ದಿನ ಇದನ್ನು ಓದಿ ರಾತ್ರಿಯಿಡೀ ಅವರ ಬಗ್ಗೆಯೇ ಯೋಚಿಸಿದ್ದೆ.

ಹಳೇಪುಟ:
ಕುತ್ತಿಗೆಯ ಗ್ರಂಥಿ ಎದೆಗೆ ಹೇಗೆ ಹೋಯಿತು?

ಮೂಲೆಮನೆ:
ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಈ ಗ್ರಂಥಿಗಳು ಮೇಲಿನಿಂದ ಕೆಳಗೆ ಇಳಿದು ಬರುತ್ತವೆ. ಕೆಳಗಿನ ಜೋಡಿ ಎದೆಯಲ್ಲಿರುವ ಥೈಮಸ್ ಗ್ರಂಥಿಯ ಜೊತೆ ಇಳಿಯುತ್ತದೆ. ಕೆಲವೊಮ್ಮೆ ನಿಲ್ಲಬೇಕಾದ ಕಡೆ ನಿಲ್ಲದೆ ಅದರ ಹಿಂದೆಯೇ ಎದೆಗೆ ಹೋಗಿಬಿಡುತ್ತದೆ.

ಸಂಜೆಗಾಳಿ (ಐದು ವಾರದ ನಂತರ):
ಅಂಕಿ ತಂದಿದ್ದೇನೆ. ಬಯೋಟಿನ್ ಬಿಟ್ಟು ಹತ್ತು ದಿನ ಆದ ಮೇಲೆ ಒಂದೇ ಸೂಜಿಯಲ್ಲಿ ಎಲ್ಲ ಕೊಟ್ಟೆ. ಕ್ಯಾಲ್ಸಿಯಂ 10.9, ಅಲ್ಬುಮಿನ್ 4.0, ಪಿಟಿಎಚ್ 83. ಕ್ರಿಯಾಟಿನಿನ್ 0.8. ಡಿ ಈಗ 24. 24 ಗಂಟೆ ಮೂತ್ರದಲ್ಲಿ ಕ್ಯಾಲ್ಸಿಯಂ 340 ಮಿಲಿಗ್ರಾಂ, ಕ್ರಿಯಾಟಿನಿನ್ 1100 ಮಿಲಿಗ್ರಾಂ.

ಕೆಂಪುಟ್ಯೂಬ್:
ಬೆಳದಿಂಗಳು ಅವರಿಗೆ ಬಂದದ್ದು ನಿಮಗಿದೆಯಾ ಅಂತ ನೋಡುವ ಲೆಕ್ಕ ಮಾಡಿದೆ. ಮೂತ್ರದ ಕ್ಯಾಲ್ಸಿಯಂ 340 ನ್ನು ರಕ್ತದ ಕ್ರಿಯಾಟಿನಿನ್ 0.8 ರಿಂದ ಗುಣಿಸಿದರೆ 272. ರಕ್ತದ ಕ್ಯಾಲ್ಸಿಯಂ 10.9 ನ್ನು ಮೂತ್ರದ ಕ್ರಿಯಾಟಿನಿನ್ 1100 ರಿಂದ ಗುಣಿಸಿದರೆ 11,990. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 0.023. 0.01 ಕ್ಕಿಂತ ಕಡಿಮೆ ಇದ್ದರೆ ಎಫ್‌ಎಚ್‌ಎಚ್ ಕಡೆ, 0.02 ಕ್ಕಿಂತ ಜಾಸ್ತಿ ಇದ್ದರೆ ಪ್ಯಾರಾಥೈರಾಯ್ಡ್ ಕಡೆ. ನಡುವೆ ಬಂದರೆ ಕಷ್ಟ, ಜೀನ್ ಟೆಸ್ಟ್ ಬೇಕಾಗಬಹುದು. ನಿಮ್ಮದು ನಡುವೆ ಇಲ್ಲ. ಡಾಕ್ಟರ್ ಹತ್ತಿರ ಖಚಿತ ಮಾಡಿಕೊಳ್ಳಿ.

ನೇರಮಾತು:
83! ನನ್ನ ಮಾತು ವಾಪಸ್ ತಗೊಳ್ಳುತ್ತೇನೆ ಮೇಡಂ. ಈ ಸಲ ಹೇಗೆ ಹೇಳಿದಿರಿ ಡಾಕ್ಟರಿಗೆ? ಕೇಳಿಸಿಕೊಂಡರಾ?

ಸಂಜೆಗಾಳಿ:
ಈ ಸಲ ನಾನು ಕಡಿಮೆ ಮಾತಾಡಿದೆ. ಮೊದಲೆಲ್ಲ ಸುಸ್ತು, ನಿದ್ದೆ, ಮರೆವು ಅಂತ ಶುರು ಮಾಡುತ್ತಿದ್ದೆ. ಎರಡು ನಿಮಿಷಕ್ಕೆ ಅವರ ಮುಖದಲ್ಲಿ ಇದು ಟೆನ್ಷನ್ ಅನ್ನುವ ತೀರ್ಮಾನ ಬಂದುಬಿಡುತ್ತಿತ್ತು.

ಕಲ್ಲುಹಾದಿ ಹೇಳಿದ ‘ಸಾಲಾಗಿ ನೋಡಿದರೆ’ ಅನ್ನುವ ಮಾತು ತಲೆಯಲ್ಲಿ ಕೂತಿತ್ತು. ಒಂದೇ ಹಾಳೆ ತಗೊಂಡೆ. ಸ್ಕೇಲ್ ಇಟ್ಟು ಗೆರೆ ಎಳೆದೆ. ದಿನಾಂಕ, ಕ್ಯಾಲ್ಸಿಯಂ, ಅಲ್ಬುಮಿನ್, ಲೆಕ್ಕ ಹಾಕಿದ ಕ್ಯಾಲ್ಸಿಯಂ, ಪಿಟಿಎಚ್, ಡಿ. ಪಿಟಿಎಚ್ ಮಾಡಿಸದ ಸಾಲಿನಲ್ಲಿ ಆ ಚೌಕ ಖಾಲಿ ಬಿಟ್ಟೆ. 38 ರ ಪಕ್ಕದಲ್ಲಿ ‘ಬಯೋಟಿನ್ 10 ಮಿಗ್ರಾಂ ಸೇವಿಸಿದ್ದೆ’ ಅಂತ ಬರೆದೆ. ಕೆಳಗೆ ಎರಡು ಕಲ್ಲಿನ ದಿನಾಂಕ. ಅಷ್ಟೇ. ಕಾಯಿಲೆಯ ಹೆಸರು ಬರೆಯಲಿಲ್ಲ.

ಹೊಸ ಎಂಡೋಕ್ರೈನಾಲಜಿಸ್ಟ್ ಮುಂದೆ ಹಾಳೆ ಇಟ್ಟು ಒಂದೇ ಪ್ರಶ್ನೆ ಕೇಳಿದೆ: ‘ಕ್ಯಾಲ್ಸಿಯಂ ಇಷ್ಟಿರುವಾಗ ಪಿಟಿಎಚ್ ಎಷ್ಟಿರಬೇಕು?’ ಅವರು ಪೆನ್ನಿನ ತುದಿಯನ್ನು ಕ್ಯಾಲ್ಸಿಯಂ ಸಾಲಿನ ಮೇಲೆ ಮೇಲಿನಿಂದ ಕೆಳಗೆ ಎಳೆದರು. ಆಮೇಲೆ ಪಿಟಿಎಚ್ ಸಾಲಿನ ಮೇಲೆ. ಬಯೋಟಿನ್ ಹತ್ತಿರ ಪೆನ್ನು ನಿಂತಿತು. ‘ಇದನ್ನು ನಿಮಗೆ ಯಾರು ಹೇಳಿದ್ದು?’ ಅಂದರು. ಕೋಪದಿಂದ ಅಲ್ಲ. ಆಮೇಲೆ ಡೆಕ್ಸಾ (ಮೂಳೆಯ ಸಾಂದ್ರತೆ ಅಳೆಯುವ ಸ್ಕ್ಯಾನ್) ಬರೆದುಕೊಟ್ಟರು. ಮುಂಗೈಯೂ ಸೇರಿಸಬೇಕು ಅಂತ ಚೀಟಿಯಲ್ಲಿ ಗೆರೆ ಎಳೆದರು. ಈ ಕಾಯಿಲೆಯಲ್ಲಿ ಮುಂಗೈ ಮೂಳೆ ಮೊದಲು ಸವೆಯುತ್ತದಂತೆ. ಬೆನ್ನು, ಸೊಂಟ ಅಷ್ಟೇ ನೋಡಿದರೆ ತಪ್ಪಿಹೋಗುತ್ತದಂತೆ.

ಟಿ-ಸ್ಕೋರ್ (ಕೆಳಗಿಳಿದಷ್ಟೂ ಮೂಳೆ ಸವೆದಿದೆ ಅಂತ ಅರ್ಥ) ಬಂತು: ಬೆನ್ನು −1.4. ಸೊಂಟ −1.6. ಮುಂಗೈ −2.7.

ಕಲ್ಲುಹಾದಿ:
ಅಕ್ಕಾ, −2.5 ಕ್ಕಿಂತ ಕೆಳಗೆ ಹೋದರೆ ಆಪರೇಷನ್‌ಗೆ ಅದೊಂದೇ ಕಾರಣ ಸಾಕು. ನಿಮಗೆ ಕಲ್ಲೂ ಇದೆ, 50 ಕ್ಕಿಂತ ಕಡಿಮೆ ವಯಸ್ಸೂ ಇದೆ. ತುಂಬ ಆಪರೇಷನ್ ಮಾಡಿ ಪಳಗಿದ ಸರ್ಜನ್ನನ್ನೇ ಹುಡುಕಿ. ವರ್ಷಕ್ಕೆ ಎಷ್ಟು ಪ್ಯಾರಾಥೈರಾಯ್ಡ್ ಮಾಡುತ್ತೀರಿ ಅಂತ ಬಾಯಿಬಿಟ್ಟು ಕೇಳಿ.

ದಾಸವಾಳ:
ಎಲ್ಲರಿಗೂ ಆಪರೇಷನ್ ಬೇಕು ಅಂತ ಓದುವವರು ತಿಳಿಯಬಾರದು. ನಮ್ಮ ದೊಡ್ಡಮ್ಮನಿಗೆ 78. ಕ್ಯಾಲ್ಸಿಯಂ 10.7, ಕಲ್ಲಿಲ್ಲ, ಮೂಳೆ ಪರವಾಗಿಲ್ಲ. ವರ್ಷಕ್ಕೊಮ್ಮೆ ರಕ್ತ ನೋಡಿಕೊಂಡು ಆರಾಮಾಗಿದ್ದಾರೆ.

ಹಸಿರುಗುಡ್ಡ:
ಓದುವವರಿಗೆ ಇನ್ನೊಂದು ಮಾತು: ತುಂಬ ಬಾಯಾರಿಕೆ, ವಾಂತಿ, ಗೊಂದಲ ಮಾತು ಶುರುವಾದರೆ ಇಲ್ಲಿ ಕೇಳುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಅಮ್ಮನ ಸಲ ನಾವು ಎರಡು ದಿನ ತಡ ಮಾಡಿದ್ದೆವು.

ಸಂಜೆಗಾಳಿ (ಮೂರು ತಿಂಗಳ ನಂತರ):
ಆಪರೇಷನ್ ಆಯಿತು. ಹೊಸದಾಗಿ ಮಾಡಿದ ಅಲ್ಟ್ರಾಸೌಂಡ್‌ನಲ್ಲಿ ಎಡಗಡೆ ಕೆಳಗೆ ಏನೋ ಇದೆ ಅಂತ ಅನುಮಾನ ಬಂದಿತ್ತು, ಅಲ್ಲೇ ಸಿಕ್ಕಿತು. 900 ಮಿಲಿಗ್ರಾಂ ತೂಕ. ಸರಿ ಇರುವ ಗ್ರಂಥಿ 50 ಮಿಲಿಗ್ರಾಂ ಕೂಡ ದಾಟುವುದಿಲ್ಲವಂತೆ. ಮಲಗಿಸಿದಾಗ ಪಿಟಿಎಚ್ 92, ಗಡ್ಡೆ ತೆಗೆದ ಹತ್ತು ನಿಮಿಷಕ್ಕೆ 21. ಅರ್ಧಕ್ಕಿಂತ ಕೆಳಗೆ ಬಿದ್ದಿದ್ದು ನೋಡಿಯೇ ಹೊಲಿಗೆ ಹಾಕಿದರಂತೆ.

ಎರಡನೇ ದಿನ ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಅಂತ ಶುರುವಾಗಿ ಹೆದರಿದೆ. ಮೂಳೆಗಳು ಹಸಿದಿದ್ದವು, ಕ್ಯಾಲ್ಸಿಯಂ ಎಳೆದುಕೊಳ್ಳುತ್ತಿವೆ ಅಂದರು. ಮಾತ್ರೆ ಕೊಟ್ಟರು, ಕಡಿಮೆ ಆಯಿತು.

ಬೆಳದಿಂಗಳು:
ಓದಿ ಕಣ್ಣು ತುಂಬಿತು. ರಾತ್ರಿ ಎಷ್ಟು ಸಲ ಏಳುತ್ತೀರಿ ಈಗ?

ಸಂಜೆಗಾಳಿ:
ಒಂದು ಸಲ. ಕೆಲವು ದಿನ ಅದೂ ಇಲ್ಲ. ಮರೆವು ಇನ್ನೂ ಪೂರ್ತಿ ಹೋಗಿಲ್ಲ ಅಕ್ಕಾ, ಅದನ್ನೂ ಹೇಳಿಬಿಡುತ್ತೇನೆ.

ತಿಳಿನೀರು:
ಮತ್ತೆ ಬರುವುದಿಲ್ಲ ಅಂತ ಯಾವಾಗ ಗೊತ್ತಾಗುತ್ತದೆ? (ನನ್ನದು ಎರಡನೇ ಸಲ 9.6 ಬಂತು. ನಿದ್ದೆಯೂ ಬಂತು.)

ಕಲ್ಲುಹಾದಿ:
ಆರು ತಿಂಗಳ ಮೇಲೂ ಕ್ಯಾಲ್ಸಿಯಂ ಸರಿ ಇದ್ದರೆ ಗುಣವಾಯಿತು ಅಂತ ಲೆಕ್ಕ. ಆಮೇಲೂ ವರ್ಷಕ್ಕೊಮ್ಮೆ ನೋಡುತ್ತಿರಬೇಕು. ನಾನು ಇವತ್ತಿಗೂ ನೋಡಿಸುತ್ತೇನೆ.

ಸಂಜೆಗಾಳಿ (ಆಪರೇಷನ್ ಆಗಿ ಆರು ತಿಂಗಳಿಗೆ):
ಕ್ಯಾಲ್ಸಿಯಂ 9.4, ಅಲ್ಬುಮಿನ್ 4.1, ಪಿಟಿಎಚ್ 41, ಡಿ 33. ನಾಲ್ಕೂ ಒಂದೇ ದಿನದ ರಕ್ತ. ಅದೇ ಹಾಳೆಯಲ್ಲಿ ಕೊನೇ ಸಾಲಾಗಿ ಬರೆದಿದ್ದೇನೆ. ಮುಂಗೈ ಡೆಕ್ಸಾ ಮುಂದಿನ ವರ್ಷ ಅಂದಿದ್ದಾರೆ, ಬಂದಾಗ ಇಲ್ಲೇ ಹಾಕುತ್ತೇನೆ.